ಜೈತುನಬಿ ಹೊಲಿದ ರೆಕ್ಕೆ

೧೯೮೭ರ ಮೇ ತಿಂಗಳ ಕೊನೆಯ ಬುಧವಾರ ಮಧ್ಯಾಹ್ನ ಜೈತುನಬಿ ಒದ್ದೆ ಅರಿವೆಯಿಂದ ವಿಮಾನದ ರೆಕ್ಕೆ ಒರೆಸುತ್ತಿದ್ದಳು. ಆಳಂದದ ಹೊರಗೆ, ಹಿರೋಳ್ಳಿಗೆ ಹೋಗುವ ದಾರಿಯಲ್ಲಿ, ಎಂದೋ ಮುಚ್ಚಿಹೋದ ಹತ್ತಿ ಜಿನ್ನಿಂಗ್ ಗಿರಣಿಯ ಗೋದಾಮು ಅದು. ತಗಡಿನ ಚಾವಣಿ ಬಿಸಿಲಿಗೆ ಕಾದು ಟಿಕ್ ಟಿಕ್ ಎನ್ನುತ್ತಿತ್ತು. ವಿಮಾನ ಹಾರಲು ಇನ್ನು ನಾಲ್ಕೇ ದಿನ ಉಳಿದಿದ್ದವು.

ಬಲಗಡೆಯ ಕೆಳರೆಕ್ಕೆಯ ಮೇಲೆ, ವಿಮಾನದ ಮೈಗೆ ಹತ್ತಿರದಲ್ಲಿ, ಆಕೆಯ ಅಂಗೈ ನಿಂತಿತು. ರೆಕ್ಕೆಯ ಬಟ್ಟೆ ಉಳಿದೆಲ್ಲ ಕಡೆ ಹಲಗೆವಾದ್ಯದ ಚರ್ಮದಂತೆ ಬಿಗಿಯಾಗಿತ್ತು. ಇಲ್ಲಿ ಮಾತ್ರ ಒತ್ತಿದರೆ ಕೂದಲೆಳೆಯಷ್ಟು ಇಳಿದು ಮತ್ತೆ ಮೇಲೆ ಬರುತ್ತಿತ್ತು. ಬೆರಳಿನಿಂದ ತಟ್ಟಿ ನೋಡಿದಳು. ಅಕ್ಕಪಕ್ಕದಲ್ಲಿ ಸದ್ದು ಗಟ್ಟಿಯಾಗಿತ್ತು, ಇಲ್ಲಿ ಮೆತ್ತಗಿತ್ತು. ಎಡಗಡೆಯ ರೆಕ್ಕೆಯ ಅದೇ ಜಾಗಕ್ಕೆ ಹೋಗಿ ತಟ್ಟಿದಳು. ತಿರುಗಿ ಬಂದು ಮತ್ತೊಮ್ಮೆ ತಟ್ಟಿದಳು. ಆಮೇಲೆ ಬೋರಲು ಹಾಕಿದ್ದ ಡಬ್ಬದ ಮೇಲೆ ಕುಳಿತುಬಿಟ್ಟಳು. ಆ ರೆಕ್ಕೆಯನ್ನು ಹೊಲಿದವಳು ಆಕೆಯೇ.

ಜೈತುನಬಿಯ ಕಸುಬು ಶಾಮಿಯಾನಾ ಹೊಲಿಯುವುದು. ಅಪ್ಪನಿಂದ ಬಂದ ಕೆಲಸ. ಆಳಂದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದೇ ಬಾಗಿಲಿನ ಅಂಗಡಿ. ಒಳಗೆ ಶಾಮಿಯಾನಾದ ಸುತ್ತ ಕಟ್ಟಲು ಮಡಿಸಿಟ್ಟ ಕನಾತುಗಳು, ಲಾರಿಗೆ ಹೊದಿಸುವ ತಾಡಪತ್ರಿಗಳು, ಮೇಣದ ಉಂಡೆ, ದಪ್ಪ ಸೂಜಿಗಳು. ಮದುವೆ, ಉರುಸು, ಮೆರವಣಿಗೆ, ಚುನಾವಣೆಯ ಸಭೆ ಎಲ್ಲಕ್ಕೂ ನೆರಳು ಹೋಗುತ್ತಿದ್ದುದು ಆ ಅಂಗಡಿಯಿಂದಲೇ. ಗಂಡ ಸೋಲಾಪುರದ ಲಾರಿ ಓಡಿಸುತ್ತಿದ್ದ. ತಿಂಗಳಲ್ಲಿ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಗಂಡನ ತಂಗಿ ಖುರ್ಷಿದ ಅತ್ತಿಗೆಯ ಜೊತೆಗೇ ಹೊಲಿಗೆಗೆ ಕೂರುತ್ತಿದ್ದಳು. ಇಬ್ಬರೂ ಎದುರುಬದುರು ಕುಳಿತು ಒಂದು ತಾಡಪತ್ರಿಯ ಎರಡು ಅಂಚು ಹಿಡಿದರೆಂದರೆ ಮಾತಿಲ್ಲದೆ ಮೂರು ತಾಸು ಕಳೆಯುತ್ತಿತ್ತು.

ಮೂರು ವರ್ಷದ ಹಿಂದೆ, ಅಂದರೆ ೧೯೮೪ರಲ್ಲಿ, ಆ ಅಂಗಡಿಗೆ ಹಣಮಂತರಾಯ ಬಂದಿದ್ದರು. ಜೇವರ್ಗಿಯವರು. ವಾಯುದಳದಲ್ಲಿ ಇಪ್ಪತ್ತನಾಲ್ಕು ವರ್ಷ ವಿಮಾನಗಳ ಮೈ ದುರಸ್ತಿ ಮಾಡಿ ನಿವೃತ್ತರಾದ ಮನುಷ್ಯ. ಒಂದು ಕೈಯಲ್ಲಿ ಮೊಳದುದ್ದದ ಸೂಜಿ ಇತ್ತು, ಇನ್ನೊಂದು ಕೈಯಲ್ಲಿ ಹಳೆಯ ಬಟ್ಟೆಯ ತುಂಡು.

"ತಂಗಿ, ಬಟ್ಟಿ ಮ್ಯಾಲಿರ್ತದ, ಕಟಗಿ ಒಳಗಿರ್ತದ. ಬಟ್ಟೀನ ಆ ಕಟಗೀಗೆ ಹೊಲೀಬೇಕು. ನಿನ್ನ ಕೈಲೆ ಆಗ್ತದೇನು?"

"ಎಂಥ ಶಾಮಿಯಾನಾರಿ ಇದು, ಒಳಗ ಕಟಗಿ ಇರೂದು?"

"ಶಾಮಿಯಾನಾ ಅಲ್ಲ ತಂಗಿ. ವಿಮಾನದ ರೆಕ್ಕಿ."

ಆಕೆ ನಕ್ಕಳು. ಅವರು ನಗಲಿಲ್ಲ.

ಅದು ಟೈಗರ್ ಮಾತ್ ಎಂಬ ವಿಮಾನ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಒಂದರ ಹಿಂದೊಂದು ಎರಡು ಸೀಟು, ಮೇಲೆ ಮುಚ್ಚಳವಿಲ್ಲ. ರೆಕ್ಕೆಗಳಿಗೆ ಕಬ್ಬಿಣವಿಲ್ಲ, ತಗಡಿಲ್ಲ. ಮರದ ಹಂದರ, ಅದರ ಮೇಲೆ ಬಟ್ಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಯುದಳಕ್ಕೆ ಸೇರಿದವರು ಮೊದಲು ಹಾರಲು ಕಲಿಯುತ್ತಿದ್ದುದು ಇಂಥದರಲ್ಲೇ. ಹಣಮಂತರಾಯರು ಇಪ್ಪತ್ತನೆಯ ವಯಸ್ಸಿನಲ್ಲಿ ನೌಕರಿ ಸೇರಿದಾಗ ಮೊದಲು ಕೈಯಿಟ್ಟಿದ್ದೂ ಇಂಥದೇ ವಿಮಾನಕ್ಕೆ. ಎಲ್ಲೋ ಮುಚ್ಚಿಹೋದ ಹಾರಾಟದ ಸಂಘವೊಂದರ ಗುಜರಿಯಲ್ಲಿ ಇದರ ಎಲುಬುಗೂಡನ್ನು ಕಂಡು, ಬಿಟ್ಟುಬರಲಾಗದೆ ಲಾರಿಯಲ್ಲಿ ಹೇರಿಕೊಂಡು ತಂದಿದ್ದರು. ಮತ್ತೆ ಹಾರಿಸಬೇಕು ಎಂಬುದೊಂದೇ ಹಟ.

ಅವರ ಹಟಕ್ಕೆ ಮೂವರು ಜೊತೆಯಾದರು. ಅಫಜಲಪುರದ ಬಡಿಗ ದೇವೀಂದ್ರಪ್ಪ ರೆಕ್ಕೆಗಳ ಮರಗೆಲಸ ಹಿಡಿದ. ಪಂಪ್‌ಸೆಟ್ ರಿಪೇರಿ ಮಾಡುವ ಜಗದೇವಪ್ಪ ಎಂಜಿನ್ ಬಿಚ್ಚಿದ. ಬಟ್ಟೆಯ ಕೆಲಸ ಜೈತುನಬಿಯದು. ಆಕೆಯ ಜೊತೆ ಖುರ್ಷಿದಳೂ ಬಂದಳು. ಯಾರೂ ಸಂಬಳಕ್ಕೆ ಬಂದವರಲ್ಲ. ತಮ್ಮ ಹೊಟ್ಟೆಪಾಡಿನ ಕೆಲಸ ಮುಗಿಸಿ ವಾರಕ್ಕೆ ಎರಡು ಮೂರು ಹಗಲು ಇಲ್ಲಿ ಬಂದು ಸೇರುತ್ತಿದ್ದರು. ಜೈತುನಬಿ ಯಾಕೆ ಒಪ್ಪಿದಳು ಎಂದು ಓಣಿಯವರು ಬಹಳ ದಿನ ಆಡಿಕೊಂಡರು. ಆಕೆ ಒಬ್ಬರಿಗೂ ಉತ್ತರ ಕೊಡಲಿಲ್ಲ. ಖುರ್ಷಿದಳ ಹತ್ತಿರ ಮಾತ್ರ ಒಮ್ಮೆ ಹೇಳಿದ್ದಳಂತೆ: ಇಷ್ಟು ವರ್ಷ ನಾನು ಹೊಲಿದದ್ದೆಲ್ಲ ಜನ ಕೆಳಗೆ ನಿಂತು ಉಂಡು ಹೋಗುವಂಥದು, ಹರಿದರೆ ಬಿಸಿಲು ಬೀಳುತ್ತದೆ, ಅಷ್ಟೇ, ಇದು ಹರಿದರೆ ಮನುಷ್ಯ ಬೀಳುತ್ತಾನೆ.

ರೆಕ್ಕೆಯ ಹೊಲಿಗೆ ಹೀಗೆ. ರೆಕ್ಕೆಯ ಒಳಗೆ ಅಡ್ಡಡ್ಡ ಮರದ ಪಟ್ಟಿಗಳಿರುತ್ತವೆ. ಪಕ್ಕೆಲುಬು ಎಂದು ಕರೆಯುತ್ತಿದ್ದರು. ರೆಕ್ಕೆಯನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿ, ಆಚೆ ಒಬ್ಬರು ಈಚೆ ಒಬ್ಬರು ಕೂತು, ಉದ್ದ ಸೂಜಿಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿ, ಮೇಣ ಸವರಿದ ನಾರಿನ ದಾರದಿಂದ ಬಟ್ಟೆಯನ್ನು ಪ್ರತಿ ಪಕ್ಕೆಲುಬಿಗೂ ಬಿಗಿಯಬೇಕು. ಮೂರು ಮೂರು ಅಂಗುಲಕ್ಕೊಂದು ಗಂಟು. ಮೂತಿಯ ಪಂಖದ ಗಾಳಿ ಬಡಿಯುವ ಜಾಗದಲ್ಲಿ ಇನ್ನೂ ಒತ್ತಾಗಿ. ಪ್ರತಿ ಗಂಟಿಗೂ ಎರಡು ಸುತ್ತು. ಮೊದಲ ಸುತ್ತು ದಾರವನ್ನು ಎಳೆದು ಹಿಡಿಯುತ್ತದೆ, ಎರಡನೆಯದು ಅದು ಜಾರದಂತೆ ಕಟ್ಟಿಹಾಕುತ್ತದೆ. ಹೊಲಿಗೆಯಾದ ಮೇಲೆ ಅದರ ಮೇಲೆ ಪಟ್ಟಿ ಅಂಟಿಸಿ ಡೋಪ್ ಎಂಬ ಘಾಟು ವಾಸನೆಯ ಬಣ್ಣದಂಥ ದ್ರವ ಬಳಿಯುತ್ತಾರೆ, ಮೊದಲು ಕೆಂಪು, ಅದರ ಮೇಲೆ ಬೆಳ್ಳಿಬಣ್ಣ. ಅದು ಒಣಗುತ್ತ ಬಟ್ಟೆಯನ್ನು ಬಿಗಿ ಮಾಡುತ್ತದೆ. ಆಮೇಲೆ ಒಂದು ಗಂಟೂ ಕಣ್ಣಿಗೆ ಕಾಣುವುದಿಲ್ಲ.

ಹಿಂದಿನ ನವೆಂಬರಿನಲ್ಲಿ ಒಂದು ದಿನ ಜೈತುನಬಿ ಬಲರೆಕ್ಕೆಯ ಮೂರನೆಯ ಪಕ್ಕೆಲುಬಿನಲ್ಲಿ ಇದ್ದಾಗ ಬಾಗಿಲಲ್ಲಿ ಪಕ್ಕದ ಮನೆಯವರು ಬಂದು ನಿಂತರು. ಗುಲ್ಬರ್ಗಾದಲ್ಲಿದ್ದ ಜೈತುನಬಿಯ ಮಗಳು ಹಜರಾಬಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿದೆ, ದವಾಖಾನೆಗೆ ಒಯ್ದಿದ್ದಾರೆ ಎಂಬ ಸುದ್ದಿ. ಅರ್ಧ ಪಕ್ಕೆಲುಬು ಉಳಿದಿತ್ತು. ಅರ್ಧಕ್ಕೆ ಬಿಟ್ಟರೆ ದಾರ ಸಡಿಲುತ್ತದೆ ಎಂದು ಉಳಿದ ಗಂಟುಗಳನ್ನು ಸರಸರ ಹಾಕಿ ಬಸ್ಸಿಗೆ ಓಡಿದಳು. ಮಗಳು ಉಳಿದಳು, ಕೂಸು ಉಳಿಯಲಿಲ್ಲ. ಇಪ್ಪತ್ತು ದಿನದ ಮೇಲೆ ಜೈತುನಬಿ ಮತ್ತೆ ಗೋದಾಮಿಗೆ ಬಂದಾಗ ಆ ರೆಕ್ಕೆಗೆ ಪಟ್ಟಿ ಅಂಟಿ, ಮೊದಲ ಕೆಂಪು ಬಳಿತವೂ ಒಣಗಿತ್ತು. "ಬಿಗಿ ಅದ ತಂಗಿ, ನೋಡೀನಿ," ಅಂದಿದ್ದರು ಹಣಮಂತರಾಯ. ಚಳಿಗಾಲದಲ್ಲಿ ಅದು ನಿಜವಾಗಿಯೂ ಬಿಗಿಯಾಗಿಯೇ ಇತ್ತು.

ಈಗ ಮೇ ತಿಂಗಳ ಉರಿಯಲ್ಲಿ, ತಗಡಿನ ಕೆಳಗೆ, ದಾರದ ಮೇಣ ಮೆತ್ತಗಾಗಿತ್ತು.

ಆಕೆ ಎದ್ದು ಹೋಗಿ ಹಣಮಂತರಾಯರಿಗೆ ಹೇಳಿದಳು. ಅವರು ಬಂದು ಕೈಯಾಡಿಸಿದರು. ಕನ್ನಡಕ ತೆಗೆದು ಬಗ್ಗಿ ನೋಡಿದರು.

"ಬಿಸಿಲಿಗೆ ಬಟ್ಟಿ ಹಂಗ ಆಗ್ತದ. ಮುಂಜಾನಿ ತಂಪಿಗೆ ಬಿಗೀತದ."

"ಬಾಜೂಕಿನ ಪಕ್ಕೆಲಬಿಗೂ ಇದ ಬಿಸಿಲ ಬಿದ್ದದಲ್ಲ್ರಿ ಕಾಕಾ? ಅದ್ಯಾಕ ಸಡಿಲಾಗಿಲ್ಲ?"

"ಭಾನುವಾರ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದು ನೋಡಿ ಸಹಿ ಹಾಕಿ ಹೋಗ್ಯಾರ. ಅವರ ಕಣ್ಣಿಗೆ ಕಾಣಲಾರದ್ದು ನಿನ್ನ ಅಂಗೈಗೆ ಕಾಣ್ತದೇನು?"

"ಕಾಣಂಗಿಲ್ಲ್ರಿ. ಕೈಗೆ ಹತ್ತತದ."

ಹಣಮಂತರಾಯರು ದನಿ ಏರಿಸಿದರು. ಅವರು ಏರಿಸಿದ್ದನ್ನು ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವರ ಸಿಟ್ಟಿಗೂ ಕಾರಣವಿತ್ತು. ವಿಮಾನ ಓಡಬೇಕಾದ ಪಟ್ಟಿ ಹಿರೋಳ್ಳಿಯ ಹತ್ತಿರದ ಕಪ್ಪು ಮಣ್ಣಿನ ಎರಿ ಹೊಲ; ಬೇಸಿಗೆಯಲ್ಲಿ ಕಲ್ಲಿನ ರೂಳು ಉರುಳಿಸಿ ಗಚ್ಚಿನಂತೆ ಮಾಡಿದ್ದರು. ಒಂದು ಮಳೆ ಬಿದ್ದರೆ ಅದು ಅಂಟಿನ ಕೆಸರು, ಮತ್ತೆ ದೀಪಾವಳಿಯವರೆಗೆ ಆ ಕಡೆ ನೋಡುವಂತಿಲ್ಲ. ಎರಡನೆಯದು, ಹಾರಿಸಬೇಕಾದ ದೌಲತರಾಯ. ಹಿರೋಳ್ಳಿಯಲ್ಲೇ ಹುಟ್ಟಿ, ಯುದ್ಧದ ಕೊನೆಯ ವರ್ಷ ಇಂಥದೇ ವಿಮಾನದಲ್ಲಿ ಹಾರಲು ಕಲಿತು, ಆಮೇಲೆ ಊರೂರ ಹೊಲಗಳ ಮೇಲೆ ಔಷಧಿ ಸಿಂಪಡಿಸುವ ವಿಮಾನ ಓಡಿಸಿ ಈಗ ಪುಣೆಯಲ್ಲಿ ನೆಲೆಸಿದ್ದವರು. ವಯಸ್ಸು ಅರವತ್ತೊಂದು. ಹಾರಲು ಬೇಕಾದ ಅವರ ವೈದ್ಯಕೀಯ ಪತ್ರದ ಅವಧಿ ಜೂನ್ ಹತ್ತಕ್ಕೆ ಮುಗಿಯುತ್ತಿತ್ತು. ಇನ್ನೊಮ್ಮೆ ಕೊಡಲಾರೆನೆಂದು ಡಾಕ್ಟರು ಆಗಲೇ ಹೇಳಿದ್ದರು. ಈ ಹಳೆಯ ವಿಮಾನವನ್ನು ಬಲ್ಲ ಮತ್ತೊಬ್ಬ ಪೈಲಟ್ ಹಣಮಂತರಾಯರಿಗೆ ಸಿಕ್ಕಿರಲಿಲ್ಲ.

"ಈಗ ರೆಕ್ಕಿ ಬಿಚ್ಚಿದ್ರ ಮುಗೀತು, ತಿಳೀತೇನು?" ಅಂದರು. "ಮೂರು ವರ್ಷ ಮಣ್ಣಿಗೆ ಹೋತು. ನಾಳೆ ದೌಲತರಾಯರು ಗುಲ್ಬರ್ಗಾಕ್ಕ ಇಳೀತಾರ. ನಾ ಕರಕೊಂಡ ಬರ್ತೇನಿ. ಅವರ ಮುಂದ ಈ ಮಾತ ತೆಗೀಬ್ಯಾಡ."

ಜೈತುನಬಿ ಮನೆಗೆ ಬಂದು ರೊಟ್ಟಿ ಬಡಿದಳು, ತಾನು ಉಣ್ಣಲಿಲ್ಲ. ನವೆಂಬರಿನ ಆ ದಿನವನ್ನು ಬೆರಳುಗಳಲ್ಲಿ ಮತ್ತೆ ಮತ್ತೆ ಮಾಡಿ ನೋಡಿದಳು. ಎರಡನೇ ಸುತ್ತು ಹಾಕಿದ್ದೆನೋ ಇಲ್ಲವೋ? ಬಾಗಿಲಲ್ಲಿ ನಿಂತವರ ಮುಖ ನೆನಪಾಗುತ್ತಿತ್ತು, ಸೆರಗಿನಲ್ಲಿ ಕಟ್ಟಿಕೊಂಡ ಬಸ್ ಚಾರ್ಜು ನೆನಪಾಗುತ್ತಿತ್ತು. ಗಂಟು ಮಾತ್ರ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಹಣಮಂತರಾಯರು ಬಸ್ಸು ಹತ್ತಿದ ಮೇಲೆ ಆಕೆ ಖುರ್ಷಿದಳನ್ನು ಕರೆದುಕೊಂಡು ಗೋದಾಮಿಗೆ ಬಂದಳು. ಒಳಗೆ ದೇವೀಂದ್ರಪ್ಪ ಒಬ್ಬನೇ ಇದ್ದ. ಜೈತುನಬಿ ಸಂಚಿಯಿಂದ ಕತ್ತರಿ ತೆಗೆದದ್ದನ್ನು ನೋಡಿ ಅಡ್ಡ ಬಂದ.

"ಯಕ್ಕಾ, ಬ್ಯಾಡ. ಅವರು ಬರಲಿ."

"ಬಂದ್ರ ಕೈ ಹಚ್ಚಗೊಡಂಗಿಲ್ಲ ತಮ್ಮಾ."

"ಒಳಗ ಎಲ್ಲಾ ಸರಿ ಇತ್ತಂದ್ರ? ಅವರಿಗೆ ಏನ್ ಹೇಳ್ತಿ?"

"ಸರಿ ಇತ್ತಂದ್ರ ನನ್ನ ಹೆಸರ ಕೆಡ್ತದ. ಕೆಡಲಿ."

ದೇವೀಂದ್ರಪ್ಪ ಒಂದು ಗಳಿಗೆ ನಿಂತ. ಆ ರೆಕ್ಕೆಯೊಳಗಿನ ಒಂದೊಂದು ಪಟ್ಟಿಯನ್ನೂ ಕೆತ್ತಿ ಕೂಡಿಸಿದವನು ಅವನು. ಆಮೇಲೆ ಪಕ್ಕಕ್ಕೆ ಸರಿದು, ಬಟ್ಟೆ ಜೋಲದಂತೆ ರೆಕ್ಕೆಯ ಕೆಳಗಿನಿಂದ ಎರಡೂ ಅಂಗೈ ಆನಿಸಿ ಹಿಡಿದ. ಜೈತುನಬಿ ಬೆಳ್ಳಿಬಣ್ಣದ ಮೇಲೆ ಕತ್ತರಿಯ ಮೊನೆ ಊರಿದಳು. ಮೂರು ವರ್ಷದ ಕೆಲಸ ಕಾಗದ ಹರಿದಂತೆ ಸದ್ದು ಮಾಡಿ ಬಾಯಿಬಿಟ್ಟಿತು.

ಮೊದಲ ನಾಲ್ಕು ಗಂಟು ಗಟ್ಟಿಯಾಗಿದ್ದವು. ದೇವೀಂದ್ರಪ್ಪ ಉಸಿರು ಬಿಟ್ಟ. ಐದನೆಯ ಗಂಟಿಗೆ ಆಕೆ ಸೂಜಿಯ ತುದಿ ತಾಗಿಸಿದಳು. ಅದು ಜಾರಿತು. ಆರನೆಯದೂ ಜಾರಿತು. ಬೆರಳಿಗೆ ದಾರ ಸುತ್ತಿ ಮೆಲ್ಲಗೆ ಎಳೆದಳು. ಅಲ್ಲಿಂದ ತುದಿಯವರೆಗಿನ ಅಷ್ಟೂ ದಾರ ಕೈಗೆ ಬಂತು. ಎರಡನೆಯ ಸುತ್ತು ಒಂದಕ್ಕೂ ಇರಲಿಲ್ಲ.

ಮೊದಲು ಬಾಯಿ ತೆರೆದವಳು ಖುರ್ಷಿದ. "ಭಾಬಿ, ಇದು ನಂದ ಇರಬೇಕು. ಆವತ್ತ ಆಚೀ ಬಾಜೂಕ ನಾನ ಕುಂತಿದ್ದೆ."

"ಗಂಟು ಹಾಕ್ದಾಕಿ ನಾನು," ಅಂದಳು ಜೈತುನಬಿ. "ನೀ ಸೂಜಿ ಅಷ್ಟ ಕೊಡ್ತಿದ್ದಿ. ನನ್ನ ತಪ್ಪ ನೀ ಹೊರಬ್ಯಾಡ."

ಮಧ್ಯಾಹ್ನ ಹಣಮಂತರಾಯರು ದೌಲತರಾಯರೊಡನೆ ಒಳಗೆ ಬಂದರು. ರೆಕ್ಕೆಯ ಸೀಳು ಕಂಡದ್ದೇ ಹಣಮಂತರಾಯರ ಕೈಯಿಂದ ಚೀಲ ಬಿತ್ತು. ಅವರು ಏನನ್ನಾದರೂ ಅನ್ನುವ ಮೊದಲು ಜೈತುನಬಿ ಆ ದಾರವನ್ನು ತಂದು ದೌಲತರಾಯರ ಅಂಗೈಯಲ್ಲಿ ಇಟ್ಟಳು.

"ಸಾಹೇಬ್ರ, ಇದನ್ನ ಕಟ್ಟಿದಾಕಿ ನಾನು. ಅರ್ಧಾ ಕಟ್ಟೀನಿ, ಅರ್ಧಾ ಕಟ್ಟಿಲ್ಲ. ನೀವು ಬೈರಿ, ಆಮ್ಯಾಲ ನಾ ಹೊಲೀಲಿಕ್ಕ ಕೂಡ್ತೇನಿ."

ದೌಲತರಾಯರು ತೆಳ್ಳಗಿನ, ಎತ್ತರದ ಮನುಷ್ಯ. ದಾರವನ್ನು ಬೆಳಕಿಗೆ ಹಿಡಿದು ನೋಡಿದರು. ರೆಕ್ಕೆಯ ಹತ್ತಿರ ಹೋಗಿ ಒಳಗೆ ಕೈಹಾಕಿದರು.

"ಹಣಮಂತರಾಯ, ಇದು ಎಲ್ಲಿ ಅದ ನೋಡೀರೇನು? ಪಂಖಾದ ಗಾಳಿ ನೆಟ್ಟಗ ಇಲ್ಲಿಗೇ ಬಡೀತದ. ನೆಲ ಬಿಟ್ಟು ಐವತ್ತು ಅಡಿ ಏರೂದ್ರಾಗ ಬಟ್ಟಿ ಫುಗ್ಗಾದಂಗ ಉಬ್ತಿತ್ತು. ಬಲರೆಕ್ಕಿ ಎತ್ತೂದು ನಿಲ್ತಿತ್ತು. ವಿಮಾನ ಹೊಳ್ಳಿ ಬೀಳೂದು. ಅಷ್ಟು ಕೆಳಗ ನಂಗ ಏನೂ ಮಾಡಲಿಕ್ಕ ಬರ್ತಿದ್ದಿಲ್ಲ."

ಹಣಮಂತರಾಯರು ಗೋಡೆಗೆ ಒರಗಿ ಹಾಗೆಯೇ ಕೆಳಗೆ ಕುಳಿತರು. "ನಾನೂ ಕೈ ಇಟ್ಟ ನೋಡಿದ್ದೆ ತಂಗಿ," ಅಂದರು. "ನಂಗ ತಿಳದಿತ್ತು. ತಿಳೀಲಿಲ್ಲ ಅನಕೊಂಡೆ."

ದೌಲತರಾಯರು ಕೇಳಿದ್ದು ಒಂದೇ: "ಎಷ್ಟು ದಿನ ಬೇಕು?"

"ಹೊಲಿಗೀಗೆ ಎರಡು ದಿನ," ಅಂದಳು ಆಕೆ. "ಬಣ್ಣ ಒಣಗೂದು ಆಕಾಶದ ಕೈಯಾಗ ಅದ."

ರೆಕ್ಕೆಯನ್ನು ವಿಮಾನದಿಂದ ಕಳಚಿ ನೆಟ್ಟಗೆ ನಿಲ್ಲಿಸಿದರು. ಆಕೆ ಆ ಒಂದು ಪಕ್ಕೆಲುಬಿಗೆ ನಿಲ್ಲಿಸಲಿಲ್ಲ. ಅದರ ಎಡಬಲದ ಎರಡನ್ನೂ ಬಿಚ್ಚಿಸಿ ನೋಡಿದಳು. ಅವು ಸರಿಯಾಗಿದ್ದವು. ಆದರೂ ಮತ್ತೆ ಹೊಲಿದಳು. ಈ ಸಲ ಪ್ರತಿ ಗಂಟನ್ನೂ ಹಾಕಿದ ಮೇಲೆ ಬಾಯಿಬಿಟ್ಟು ಎಣಿಸುತ್ತಿದ್ದಳು. ಆಚೆಯಿಂದ ಖುರ್ಷಿದ ಅದೇ ಎಣಿಕೆಯನ್ನು ತಿರುಗಿ ಹೇಳುತ್ತಿದ್ದಳು. ಹಣಮಂತರಾಯರು ಇನ್ಸ್‌ಪೆಕ್ಟರಿಗೆ ತಂತಿ ಕಳಿಸಿದರು: ರೆಕ್ಕೆ ತೆರೆದಿದ್ದೇವೆ, ಮತ್ತೊಮ್ಮೆ ಬಂದು ನೋಡಬೇಕು. ಮುಚ್ಚಿಟ್ಟು ಹಾರಿಸಬಹುದಲ್ಲ ಎಂದು ಜಗದೇವಪ್ಪ ಮೆಲ್ಲಗೆ ಅಂದದ್ದಕ್ಕೆ ಹಣಮಂತರಾಯರು ಜಾರಿದ ದಾರವನ್ನು ಅವನ ಕೈಗಿಟ್ಟರು.

ಶನಿವಾರ ಹೊಲಿಗೆ ಮುಗಿಯಿತು. ಭಾನುವಾರ ಮೊದಲ ಬಳಿತ. ಸೋಮವಾರ ಬೆಳಿಗ್ಗೆ ಎಲ್ಲರೂ ಬಂದು ನೋಡಿದರೆ ಕೆಂಪು ಬಣ್ಣದ ಮೇಲೆ ಬೂಷ್ಟು ಬಂದ ಹಾಗೆ ಬಿಳಿ ಮಸುಕು. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಗಾಳಿಯಲ್ಲಿ ತೇವ ಏರಿದರೆ ಡೋಪ್ ಹೀಗೆ ಬೆಳ್ಳಗಾಗುತ್ತದೆ, ಬಿಗಿ ಹಿಡಿಯುವುದಿಲ್ಲ. ಒರೆಸಿ ತೆಗೆದು ಮತ್ತೆ ಬಳಿಯಬೇಕಾಯಿತು. ಮಂಗಳವಾರ ಮತ್ತೆ ಬೆಳ್ಳಗಾಯಿತು.

ಅವತ್ತು ಜಗದೇವಪ್ಪ ಮನೆಯಿಂದ ಕೆಂಡ ತುಂಬಿದ ಶಗಡಿ ಹಿಡಿದುಕೊಂಡು ಬಂದ. ಕಾಯಿಸಿದರೆ ತೇವ ಹೋಗುತ್ತದೆ ಎಂಬುದು ಅವನ ಲೆಕ್ಕ. ಬಾಗಿಲ ಹೊಸ್ತಿಲಿನಲ್ಲಿ ಅವನು ಕಾಲಿಡುವುದಕ್ಕೂ ಹಣಮಂತರಾಯರು ತಿರುಗಿ ನೋಡುವುದಕ್ಕೂ ಸರಿಹೋಯಿತು.

"ಅಲ್ಲೇ ನಿಂದರೋ! ಒಂದ ಹೆಜ್ಜಿ ಇಡಬ್ಯಾಡ!"

ಗೋದಾಮಿನ ತುಂಬ ಡೋಪಿನ ಘಾಟು ನಿಂತಿತ್ತು. ಅದರ ಆವಿಗೆ ಕಿಡಿ ಸಾಕು. ಜಗದೇವಪ್ಪ ಬೆಚ್ಚಿ ಹಿಂದೆ ಸರಿಯುವಾಗ ಶಗಡಿ ವಾಲಿತು; ಒಂದು ಕೆಂಡ ಹೊಸ್ತಿಲ ಹೊರಗೆ ಬಿದ್ದು ಉರುಳಿತು. ದೇವೀಂದ್ರಪ್ಪ ಓಡಿಹೋಗಿ ಮಣ್ಣು ಮುಚ್ಚಿದ. ಒಳಗಿದ್ದವರು ಒಬ್ಬೊಬ್ಬರಾಗಿ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತರು. ಜಗದೇವಪ್ಪ ಕೂತಲ್ಲೇ ಅತ್ತುಬಿಟ್ಟ. ಅವನಿಗೆ ಜೈತುನಬಿ ನೀರು ಕೊಟ್ಟಳು.

ಉಪಾಯ ಹೊಳೆದದ್ದು ಖುರ್ಷಿದಳಿಗೆ. ಬಿಸಿಲು ಏರುವ ಹೊತ್ತಿಗೆ, ಹನ್ನೊಂದರಿಂದ ಮೂರರವರೆಗೆ, ರೆಕ್ಕೆಯನ್ನೇ ಹೊರಗೆ ತಂದರೆ? ಬುಧವಾರ ರೆಕ್ಕೆಯನ್ನು ಆರು ಜನ ಹೊತ್ತು ಅಂಗಳಕ್ಕೆ ತಂದರು. ಧೂಳು ಕೂರದಂತೆ ಸುತ್ತ ಕನಾತು ಕಟ್ಟಿ, ಮೋಡ ಬಂದರೆ ಒಳಗೆ, ಹೋದರೆ ಹೊರಗೆ. ಮೂರು ದಿನದಲ್ಲಿ ಹದಿನಾಲ್ಕು ಸಲ ಹೊತ್ತರು. ಶುಕ್ರವಾರ ಸಂಜೆ ಜೈತುನಬಿ ತಟ್ಟಿದಾಗ ಬಟ್ಟೆ ಎಲ್ಲ ಕಡೆ ಒಂದೇ ಸದ್ದು ಕೊಟ್ಟಿತು.

ಭಾನುವಾರ ರೆಕ್ಕೆಯನ್ನು ಮತ್ತೆ ವಿಮಾನಕ್ಕೆ ಕೂಡಿಸಿದರು. ಇನ್ಸ್‌ಪೆಕ್ಟರು ಸೋಮವಾರ ಬಂದರು. ಮೊದಲು ರೇಗಿದರು, ಆಮೇಲೆ ಜಾರಿದ ದಾರವನ್ನು ತೋರಿಸಿದಾಗ ಟಾರ್ಚು ತೆಗೆದು ರೆಕ್ಕೆಯ ಕೆಳಗೆ ಬಗ್ಗಿದರು. ಈ ಸಲ ಮೂರು ತಾಸು ನೋಡಿ ಸಹಿ ಹಾಕಿದರು. ಜೂನ್ ಎಂಟು. ಇನ್ನು ಉಳಿದದ್ದು ಎರಡು ದಿನ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ವಿಮಾನ ಹಿರೋಳ್ಳಿಯ ಹೊಲದಲ್ಲಿ ನಿಂತಿತ್ತು. ಸುತ್ತಲ ಊರಿನ ಜನ ಬದುವಿನ ಮೇಲೆ ಸಾಲಾಗಿ ಕುಳಿತಿದ್ದರು. ನೈಋತ್ಯದಲ್ಲಿ ಮೋಡದ ಗೋಡೆ. ದೌಲತರಾಯರು ಅದನ್ನು ನೋಡಿ, "ಹತ್ತು ನಿಮಿಷ. ಎರಡು ಸುತ್ತು ಹಾಕಿ ಇಳೀತೇನಿ," ಅಂದರು. ಆಮೇಲೆ ಜೈತುನಬಿಯ ಕಡೆ ತಿರುಗಿ, "ಇದು ಮೊದಲನೇ ಸಲ, ಮುಂದಿನ ಸೀಟಿನ್ಯಾಗ ಯಾರನ್ನೂ ಕೂಡಸಂಗಿಲ್ಲ. ಇಲ್ಲಂದ್ರ ನಿಮ್ಮನ್ನ ಕರಕೊಂಡ ಹೋಗ್ತಿದ್ದೆ," ಅಂದರು.

"ನಾ ಕೆಳಗ ಇರ್ತೇನ್ರಿ. ಮ್ಯಾಲ ಕುಂತ್ರ ರೆಕ್ಕಿ ತಳಾ ಕಾಣಂಗಿಲ್ಲ."

ಜಗದೇವಪ್ಪ ಪಂಖ ಹಿಡಿದು ತಿರುಗಿಸಿದ. ಮೂರನೆಯ ಸಲಕ್ಕೆ ಎಂಜಿನ್ ಹತ್ತಿತು. ವಿಮಾನ ಕುಲುಕುತ್ತ ಓಡಿತು, ಬಾಲ ಎತ್ತಿತು, ಗಾಲಿಗಳ ಕೆಳಗೆ ಬೆಳಕು ಕಾಣಿಸಿತು. ಜನ ಕೂಗಿದರು. ಜೈತುನಬಿ ಕೂಗಲಿಲ್ಲ. ಪಟ್ಟಿಯ ತುದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಲೆಯ ಮೇಲೆ ಹಾದುಹೋದ ಬಲರೆಕ್ಕೆಯ ತಳವನ್ನು ಕಣ್ಣು ಮಿಟುಕಿಸದೆ ನೋಡಿದಳು. ಬಟ್ಟೆ ಉಬ್ಬಲಿಲ್ಲ. ಒಂದು ಸುತ್ತು ಮುಗಿಯಿತು. ಆಗಲೂ ಉಬ್ಬಿರಲಿಲ್ಲ.

ಎರಡನೆಯ ಸುತ್ತಿನಲ್ಲಿ ಗಾಳಿ ತಿರುಗಿತು. ಮೋಡದ ಮುಂದೆ ಮುಂದೆ ದಟ್ಟ ಧೂಳಿ ಎದ್ದು ಹೊಲಗಳ ಮೇಲೆ ಗೋಡೆಯಂತೆ ಬಂತು. ಎರಡು ನಿಮಿಷದಲ್ಲಿ ಬದುವಿನ ಜನರೇ ಕಾಣಿಸದಾದರು. ವಿಮಾನ ಧೂಳಿಯ ಆಚೆಗೆ ಹೋಯಿತು. ಅದರ ಸದ್ದು ಒಮ್ಮೆ ಉತ್ತರದಲ್ಲಿ, ಒಮ್ಮೆ ಪೂರ್ವದಲ್ಲಿ ಕೇಳಿಸಿ ಮತ್ತೆ ನಿಂತೇಹೋಯಿತು. ಹಣಮಂತರಾಯರು ಕೆಂಪು ಬಾವುಟ ಬೀಸುತ್ತ ಪಟ್ಟಿಯ ನಡುವೆ ಓಡಿದರು. ಬಾವುಟ ಅವರಿಗೇ ಕಾಣುತ್ತಿರಲಿಲ್ಲ.

"ಅವರಿಗೆ ಪಟ್ಟಿ ಕಾಣಂಗಿಲ್ಲ!" ಎಂದು ಕೂಗಿದರು. "ಪಟ್ಟಿ, ಹೊಲ, ಎಲ್ಲಾ ಒಂದೇ ಬಣ್ಣ!"

ಜನ ಕೂರಲೆಂದು ಜೈತುನಬಿ ಅಂಗಡಿಯಿಂದ ಬಿಳಿ ಕನಾತು ತಂದಿದ್ದಳು, ಮೂವತ್ತು ಮೊಳದ್ದು. ಆಕೆ ಅದರ ಒಂದು ತುದಿ ಹಿಡಿದು ಎಳೆದಳು. "ಖುರ್ಷಿದ, ಆ ತುದಿ ಹಿಡಿ! ದೇವೀಂದ್ರಾ, ನಡುಕ ಬಾ!" ಗಾಳಿ ಅದನ್ನು ಕಿತ್ತೊಯ್ಯಲು ನೋಡಿತು. ಪಟ್ಟಿಯ ಅಂಚಿಗೆ ಉದ್ದಕ್ಕೂ ಹಾಸಿ, ಹಾರದಂತೆ ಅದರ ಮೇಲೆಯೇ ಕುಳಿತರು. ಕರೆದಂತೆ ಜನ ಓಡಿಬಂದು ಕುಳಿತರು. ಕಣ್ಣು ಬಾಯಿಗೆ ಧೂಳು ತುಂಬಿತು. ಜೈತುನಬಿ ಮುಖಕ್ಕೆ ಸೆರಗು ಕಟ್ಟಿಕೊಂಡು ಬರೀ ಕಿವಿಯಾಗಿ ಕುಳಿತಳು.

ಸದ್ದು ಮತ್ತೆ ಬಂತು. ಧೂಳಿಯೊಳಗಿಂದ ಕಪ್ಪು ನೆರಳು ಇಳಿಯಿತು, ಓರೆಯಾಯಿತು, ತಲೆಯ ಮೇಲೆ ಗುಡುಗಿ ಮತ್ತೆ ಮೇಲೇರಿತು. ಮೊದಲ ಸಲ ತಪ್ಪಿತ್ತು. ಈಗ ದಪ್ಪ ಹನಿಗಳು ಬೀಳತೊಡಗಿದವು. ಎರಡನೆಯ ಸಲ ನೆರಳು ಕನಾತಿನ ಸಾಲಿನ ಪಕ್ಕಕ್ಕೆ ನೆಟ್ಟಗೆ ಬಂತು. ಗಾಲಿಗಳು ನೆಲ ಮುಟ್ಟಿದವು, ಪುಟಿದವು, ಮತ್ತೆ ಮುಟ್ಟಿದವು. ಓಟ ಮುಗಿಯುವ ಹೊತ್ತಿಗೆ ಹಸಿ ಎರಿ ಗಾಲಿಗೆ ಮೆತ್ತಿತು. ಬಾಲ ಎದ್ದಿತು, ಮೂತಿ ಬಾಗಿತು, ಪಂಖದ ತುದಿ ನೆಲಕ್ಕೆ ಬಡಿದು ಚೂರಾಯಿತು. ವಿಮಾನ ಒಮ್ಮೆ ತೂಗಿ ಧಪ್ಪನೆ ಬಾಲದ ಮೇಲೆ ಕುಳಿತಿತು.

ಎಲ್ಲರೂ ಓಡಿದರು. ದೌಲತರಾಯರು ಸೀಟಿನಲ್ಲಿ ಅಲುಗದೆ ಕುಳಿತಿದ್ದರು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಹಣಮಂತರಾಯರು ಅವರ ಭುಜ ಹಿಡಿದು ಅಲುಗಿಸಿದರು.

"ಸೀಟಿನ ಪಟ್ಟಿ ಬಿಚ್ಚೋ ಮಾರಾಯಾ," ಅಂದರು ದೌಲತರಾಯ. "ಕಣ್ಣಾಗ ರಕ್ತ ಇಳದದ, ನಂಗ ಏನೂ ಕಾಣವಲ್ದು."

ಮಳೆಯಲ್ಲಿ ಜೈತುನಬಿ ರೆಕ್ಕೆಯ ಕೆಳಗೆ ಬಗ್ಗಿ ಒಂದೊಂದೇ ಪಕ್ಕೆಲುಬನ್ನು ಮುಟ್ಟಿ ಹೋದಳು. ಎದ್ದು ನಿಂತು, "ಒಂದೂ ಸಡಿಲಾಗಿಲ್ಲ," ಅಂದಳು. ಖುರ್ಷಿದ ಬಂದು ತಬ್ಬಿಕೊಂಡಳು.

ಆ ಹಾರಾಟ ಹದಿನೇಳು ನಿಮಿಷದ್ದು. ಮರುದಿನ ದೌಲತರಾಯರ ಪತ್ರದ ಅವಧಿ ಮುಗಿಯಿತು. ಆಮೇಲೆ ಅವರು ತಾವಾಗಿ ವಿಮಾನ ಹಾರಿಸಲಿಲ್ಲ. ಬೇರೆ ಪಂಖ ಸಿಗಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಹಣಮಂತರಾಯರು ಹೇಗೋ ಇನ್ನೊಬ್ಬ ಪೈಲಟನ್ನು ಹುಡುಕಿ ತಂದರು. ೧೯೮೯ರ ಚಳಿಗಾಲದಲ್ಲಿ ವಿಮಾನ ಆರು ಸಲ ಹಾರಿತು. ಗೋದಾಮನ್ನು ಅದರ ಮಾಲಿಕರು ತಿರುಗಿ ಕೇಳಿದಾಗ ಇಡಲು ಜಾಗವಿಲ್ಲದೆ ವಿಮಾನವನ್ನು, ಹಳೆಯ ವಿಮಾನಗಳನ್ನು ಕೂಡಿಹಾಕುವ ದೂರದೂರಿನ ಒಬ್ಬರಿಗೆ ಕೊಟ್ಟುಬಿಟ್ಟರು. ಅವತ್ತು ಜೈತುನಬಿ ಯಡ್ರಾಮಿಯ ಒಂದು ಮದುವೆಗೆ ಶಾಮಿಯಾನಾ ಕಟ್ಟಿಸಲು ಹೋಗಿದ್ದಳು. ಬೀಳ್ಕೊಡಲು ಆಗಲಿಲ್ಲ. ಅದಕ್ಕೆ ಬೇಸರವಿತ್ತೇ ಎಂದು ಕೇಳಿದವರಿಗೆ, ಮದುವೆಯವರಿಗೆ ಮಾತು ಕೊಟ್ಟಿದ್ದೆ ಎಂದಷ್ಟೇ ಹೇಳುತ್ತಿದ್ದಳು.

ಹಜರಾಬಿಗೆ ಆಮೇಲೆ ಇಬ್ಬರು ಹೆಣ್ಣುಮಕ್ಕಳಾದರು. ಹಣಮಂತರಾಯರು ೧೯೯೨ರಲ್ಲಿ ಜೇವರ್ಗಿಯಲ್ಲಿ ತೀರಿಕೊಂಡರು.

ಮರುವರ್ಷ ಸೆಪ್ಟೆಂಬರ್ ಕೊನೆಗೆ ಗಡಿಯಾಚೆಯ ಮರಾಠಿ ಸೀಮೆಯಲ್ಲಿ ಭೂಕಂಪವಾಗಿ ಊರಿಗೆ ಊರೇ ಕುಸಿದವು. ಆಳಂದದ ಕಡೆಯೂ ಗೋಡೆಗಳು ಬಿದ್ದವು. ಜೈತುನಬಿ ಅಂಗಡಿಯಲ್ಲಿದ್ದ ಅಷ್ಟೂ ಬಟ್ಟೆಯನ್ನು ಗಂಡನ ಲಾರಿಗೆ ಹೇರಿಸಿ, ಖುರ್ಷಿದಳನ್ನು ಕೂರಿಸಿಕೊಂಡು ಗಡಿ ದಾಟಿದಳು. ಅಲ್ಲಿ ಬಯಲಿನಲ್ಲಿ ಇಪ್ಪತ್ತೆರಡು ದಿನ ಕೂತು ಡೇರೆ ಹೊಲಿದರು. ಪರಿಹಾರದ ಪಟ್ಟಿ ಬರೆಯುತ್ತಿದ್ದ ಅಧಿಕಾರಿಯೊಬ್ಬರು ಬಂದು, ನೀವು ಯಾವ ಸಂಸ್ಥೆಯ ಕಡೆಯಿಂದ ಬಂದವರು ಎಂದು ಕೇಳಿದರು.

"ಸಂಸ್ಥಾ ಗಿಂಸ್ಥಾ ಏನಿಲ್ಲ್ರಿ," ಅಂದಳು ಜೈತುನಬಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ. "ಆಳಂದದವರು ನಾವು. ಸ್ವಲ್ಪ ಬಾಜೂಕ ಸರೀರಿ ಸಾಹೇಬ್ರ, ಬೆಳಕ ಬರಲಿ."